ಎನ್‌ಬಿಎ ತಂಡ ಬಂದಾಗ ಯಾರ ಬ್ಲೂ ಬುಕ್ ತೋರಿಸಬೇಕು?

ಪ್ರಶ್ನೆ (ಸಹಾಯಕ ಪ್ರಾಧ್ಯಾಪಕಿ, ವಿಟಿಯು ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯ ಕಾಲೇಜು): ಸರ್, ಮುಂದಿನ ತಿಂಗಳು ನಮ್ಮ ವಿಭಾಗಕ್ಕೆ ಎನ್‌ಬಿಎ (ಎಂಜಿನಿಯರಿಂಗ್‌ನಂಥ ಪದವಿಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ತಂಡ ಬರುತ್ತಿದೆ. ಕೋರ್ಸ್ ಫೈಲ್‌ಗೆ (ಒಂದು ವಿಷಯದ ಪಾಠ, ಪರೀಕ್ಷೆಗಳ ದಾಖಲೆ ಕಡತ) ಬ್ಲೂ ಬುಕ್, ಅಂದರೆ ವಿದ್ಯಾರ್ಥಿಗಳು ಆಂತರಿಕ ಟೆಸ್ಟ್ ಬರೆದ ಪುಸ್ತಕ, ಆರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಚೆನ್ನಾಗಿ ಬರೆದವರದ್ದು ಮಾತ್ರ ಇಡಿ ಅಂತ ಹಿರಿಯರೊಬ್ಬರು ಹೇಳುತ್ತಾರೆ. ಕೆಲವು ಪುಸ್ತಕಗಳಲ್ಲಿ ಬರೀ ಅಂಕ ಇದೆ, ತಿದ್ದಿದ ಗುರುತೇ ಇಲ್ಲ. ಅವನ್ನೆಲ್ಲ ವಿದ್ಯಾರ್ಥಿಗಳ ಕೈಲಿ ಮತ್ತೆ ಬರೆಸೋಣ ಅನ್ನುವ ಮಾತೂ ನಡೆದಿದೆ. ಏನು ಮಾಡಲಿ?

ಉತ್ತರ (ನಿವೃತ್ತ ಪ್ರಾಧ್ಯಾಪಕ, ಪರಿಶೀಲನಾ ತಂಡಗಳಲ್ಲಿದ್ದವರು): ಮತ್ತೆ ಬರೆಸಬೇಡಿ. ಅದು ಸುಳ್ಳು ದಾಖಲೆ, ಬೇರೆ ಹೆಸರಿಲ್ಲ. ಸಿಕ್ಕಿಬೀಳುವುದೂ ಸುಲಭ. ಸೆಮಿಸ್ಟರ್‌ನ ಎಲ್ಲ ಟೆಸ್ಟ್ ಒಂದೇ ಪೆನ್ನಿನಲ್ಲಿ, ಮಡಚಿದ ಗುರುತೂ ಇಲ್ಲದ ಪುಸ್ತಕದಲ್ಲಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ. ಜೊತೆಗೆ ತಂಡದವರು ಮೇಷ್ಟ್ರುಗಳಿಲ್ಲದೆ ವಿದ್ಯಾರ್ಥಿಗಳ ಜೊತೆ ಕೂತು ಮಾತಾಡುತ್ತಾರೆ. 'ಹೋದ ವಾರ ಬರೆದ್ವಿ ಸರ್' ಅಂತ ಒಬ್ಬ ಹೇಳಿದರೆ ಮುಗಿಯಿತು.

ಇನ್ನು ಯಾರದ್ದು ಇಡಬೇಕು ಅನ್ನುವುದು. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರ ಜೂನ್‌ನಲ್ಲಿ ಪೂರ್ಣ ಸದಸ್ಯ ಆಯಿತು. ಅದರ ತಳಹದಿ ಕಲಿಕೆಯ ಫಲಿತಾಂಶ. ಎನ್‌ಬಿಎ ಕೇಳುವುದು ನೀವು ಏನು ಪಾಠ ಮಾಡಿದಿರಿ ಅಂತ ಅಲ್ಲ, ವಿದ್ಯಾರ್ಥಿಗೆ ಏನು ಬರುತ್ತದೆ ಅಂತ. ಅದಕ್ಕೆ ಸಾಕ್ಷಿ ವಿದ್ಯಾರ್ಥಿ ಕೈಯಾರೆ ಮಾಡಿದ ಕೆಲಸ. ಟಾಪರ್ ಪುಸ್ತಕ ನೋಡಿದರೆ ಟಾಪರ್ ಜಾಣ ಅಂತ ಗೊತ್ತಾಗುತ್ತದೆ, ಅಷ್ಟೆ. ನಾನು ಮೊದಲು ತೆಗೆಯುತ್ತಿದ್ದದ್ದು ಕಡಿಮೆ ಅಂಕದ ಪುಸ್ತಕ. ಹುಡುಗ ಎಲ್ಲಿ ಎಡವಿದ, ಅದು ಮೇಷ್ಟ್ರ ಕಣ್ಣಿಗೆ ಬಿತ್ತಾ, ಮುಂದಿನ ಟೆಸ್ಟ್‌ನಲ್ಲಿ ಸುಧಾರಿಸಿದನಾ, ಎಲ್ಲ ಅಲ್ಲೇ ಇರುತ್ತದೆ. ಅನ್ನ ಬೆಂದಿದೆಯಾ ನೋಡೋಕೆ ಒಂದಗುಳು ಸಾಕು, ಆದರೆ ತರಗತಿ ಅನ್ನದ ಹಾಗೆ ಒಂದೇ ಸಮ ಬೇಯುವುದಿಲ್ಲ. ಹಾಗಾಗಿ ಮೇಲಿನದು, ನಡುವಿನದು, ಕೆಳಗಿನದು ಮೂರೂ ಇಡಿ.

ಅಟೇನ್‌ಮೆಂಟ್ ಶೀಟನ್ನೂ (ಕಲಿಕೆಯ ಗುರಿ ಎಷ್ಟು ಮುಟ್ಟಿದೆ ಅನ್ನುವ ಲೆಕ್ಕದ ಹಾಳೆ) ಪಕ್ಕದಲ್ಲಿಟ್ಟುಕೊಂಡು ನೋಡಿ. ತರಗತಿಯ 60% ಜನ 60% ಅಂಕ ಪಡೆಯಬೇಕು ಅಂತ ನಿಮ್ಮ ಗುರಿ ಇದೆ ಅಂದುಕೊಳ್ಳಿ. ಸಿಓ-3 (ಕೋರ್ಸಿನಿಂದ ವಿದ್ಯಾರ್ಥಿಗೆ ಬರಬೇಕಾದ ಮೂರನೆಯ ಕಲಿಕಾ ಫಲಿತಾಂಶ) ಗುರಿ ಮುಟ್ಟಿದೆ ಅಂತ ಶೀಟ್ ಹೇಳುತ್ತದೆ. ಆದರೆ ಸಿಓ-3ರ ಪ್ರಶ್ನೆಯನ್ನೇ ಅರ್ಧದಷ್ಟು ಪುಸ್ತಕಗಳಲ್ಲಿ ಬಿಟ್ಟಿದ್ದಾರೆ. ಆಗ ಬರುವ ಮೊದಲ ಪ್ರಶ್ನೆ ನಿಮಗೇ! ಗುರಿ ಮುಟ್ಟದಿದ್ದರೆ ತಪ್ಪಿಲ್ಲ. ಮುಟ್ಟಿಲ್ಲ ಅಂತ ಬರೆದು, ಅದಕ್ಕೆ ಏನು ಮಾಡಿದಿರಿ ಅಂತ ತೋರಿಸಿ.

ತಿದ್ದದ ಪುಸ್ತಕಕ್ಕೆ ಈಗ ಕೆಂಪು ಪೆನ್ ಹಾಕಬೇಡಿ, ಇದ್ದ ಹಾಗೇ ಇರಲಿ. ಈ ಸೆಮಿಸ್ಟರ್‌ನಿಂದ ಅಂಕ ಹಂಚಿಕೆಯ ಸ್ಕೀಮ್ ಮಾಡಿ, ಅಂಕ ಎಲ್ಲಿ ಯಾಕೆ ಹೋಯಿತು ಅಂತ ಒಂದು ಸಾಲು ಬರೆಯಿರಿ. ಸೆಮಿಸ್ಟರ್ ಕೊನೆಯ ಪರೀಕ್ಷೆಯ ಪತ್ರಿಕೆಗಳು ವಿಶ್ವವಿದ್ಯಾಲಯದ ಹತ್ತಿರ ಇರುತ್ತವೆ. ನಿಮ್ಮ ಕೈಲಿರುವುದು ಬ್ಲೂ ಬುಕ್, ಅಸೈನ್‌ಮೆಂಟ್, ಲ್ಯಾಬ್ ರೆಕಾರ್ಡ್, ಪ್ರಾಜೆಕ್ಟ್ ರಿಪೋರ್ಟ್. ಪ್ರಾಜೆಕ್ಟ್ ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ. ನಾಲ್ಕು ಜನರ ಗುಂಪಿಗೆ ನಾಲ್ಕೂ ಜನಕ್ಕೆ ಒಂದೇ ಅಂಕ ಇದ್ದರೆ ಯಾರು ಏನು ಮಾಡಿದರು ಅಂತ ಕೇಳೇ ಕೇಳುತ್ತಾರೆ. ರಿವ್ಯೂ ಹಾಳೆಗಳು, ರೂಬ್ರಿಕ್ಸ್ (ಯಾವುದಕ್ಕೆ ಎಷ್ಟು ಅಂಕ ಅನ್ನುವ ಮಾನದಂಡ) ಎಲ್ಲ ಅದೇ ಫೈಲಿನಲ್ಲಿರಲಿ.

ಪ್ರಶ್ನೆ (ಆರನೇ ಸೆಮಿಸ್ಟರ್ ವಿದ್ಯಾರ್ಥಿ): ಸರ್, ಆ 'ಕೆಳಗಿನದು' ನನ್ನದೇ ಇರಬಹುದು. ನನ್ನ ಹೆಸರು, ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ) ಇರುವ ಪುಸ್ತಕ ತೋರಿಸೋಕೆ ನನ್ನನ್ನು ಕೇಳಬೇಡ್ವಾ?

ಉತ್ತರ: ಸರಿಯಾದ ಪ್ರಶ್ನೆ, ನಮ್ಮ ಕಾಲೇಜುಗಳಲ್ಲಿ ಯಾರೂ ಕೇಳುವುದಿಲ್ಲ. ತಂಡಕ್ಕೆ ನಿನ್ನ ಹೆಸರು ಬೇಕಿಲ್ಲಪ್ಪ, ಬರೆದದ್ದು ಬೇಕು. ಸ್ಯಾಂಪಲ್‌ಗೆ ಇಡುವ ಪ್ರತಿಯಲ್ಲಿ ಹೆಸರು, ಯುಎಸ್‌ಎನ್ ಮುಚ್ಚಿ ಒಂದು ಸಂಕೇತ ಹಾಕಿದರೆ ಕೆಲಸ ಆಗುತ್ತದೆ. ಮೂಲ ಪುಸ್ತಕ ವಿಭಾಗದಲ್ಲಿರಲಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಡಿಜಿಟಲ್ ಮಾಹಿತಿಗೆ ಅನ್ವಯಿಸುತ್ತದೆ. ಕಾಗದದಿಂದ ಸ್ಕ್ಯಾನ್ ಮಾಡಿದ್ದೂ ಅದರಲ್ಲಿ ಸೇರುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಜಾರಿ ಹಂತ ಹಂತವಾಗಿ. ಬೀರುವಿನಲ್ಲಿರುವ ಪುಸ್ತಕ ಒಂದು ಕಥೆ. ಅದನ್ನೇ ಸ್ಕ್ಯಾನ್ ಮಾಡಿ ಎಲ್ಲರಿಗೂ ಲಿಂಕ್ ಕಳಿಸಿದ ಡ್ರೈವ್‌ನಲ್ಲಿ ಹಾಕಿದರೆ ಬೇರೆ ಕಥೆ. ಈಗ ಎಲ್ಲ ಕಡೆ ಆಗುತ್ತಿರುವುದು ಎರಡನೆಯದೇ.

ಪ್ರಾಜೆಕ್ಟ್ ರಿಪೋರ್ಟ್ ಬರೆದದ್ದು ನೀವಾದ್ದರಿಂದ, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಅದರ ಹಕ್ಕು ನಿಮ್ಮದು. ಪರಿಶೀಲಕರು ಕೂತು ಓದುವುದಕ್ಕೂ ಕಾಲೇಜಿನ ವೆಬ್‌ಸೈಟಿಗೆ ಹಾಕುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದಕ್ಕೆ ನಿಮ್ಮನ್ನು ಕೇಳಲೇಬೇಕು. ಅಂದಹಾಗೆ, ಸಾರ್ವಜನಿಕ ಪ್ರಾಧಿಕಾರ ನಡೆಸುವ ಪರೀಕ್ಷೆಯಲ್ಲಿ ತಮ್ಮ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಬಹುದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ತಮ್ಮದನ್ನು ಮಾತ್ರ.

ಪ್ರಶ್ನೆ (ಪದವಿ ಕಾಲೇಜು ಉಪನ್ಯಾಸಕ): ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ಗೂ ಇದೇನಾ?

ಉತ್ತರ: ಅಷ್ಟಿಲ್ಲ. ಎನ್‌ಬಿಎ ಒಂದೊಂದು ಪದವಿ ಕಾರ್ಯಕ್ರಮ ನೋಡುತ್ತದೆ, ನ್ಯಾಕ್ ಇಡೀ ಕಾಲೇಜು ನೋಡುತ್ತದೆ. ಅಲ್ಲಿ ಪ್ರಾಜೆಕ್ಟ್, ಕ್ಷೇತ್ರಕಾರ್ಯ ಮಾಡಿದವರ ಪಟ್ಟಿ ಮತ್ತು ದಾಖಲೆ ಮುಖ್ಯ.

ಪ್ರಶ್ನೆ (ಮೊದಲು ಕೇಳಿದವರು): ಥ್ಯಾಂಕ್ಸ್ ಸರ್. ಒಂದು ಕೋರ್ಸ್‌ಗೆ ಎಷ್ಟು ಪುಸ್ತಕ ಇಡಲಿ? ಉಳಿದದ್ದು ರದ್ದಿಗೆ ಹಾಕಬಹುದಾ?

ಉತ್ತರ: ಮೂರು ಮಟ್ಟಕ್ಕೂ ಎರಡು ಮೂರು ಇಟ್ಟರೆ ಸಾಕು. ರದ್ದಿಗೆ ಹಾಕಬೇಡಿ, ಕಟ್ಟು ಕಟ್ಟಿ ಇಡಿ. ನೀವು ಆರಿಸಿ ಇಟ್ಟದ್ದನ್ನು ಪಕ್ಕಕ್ಕೆ ಸರಿಸಿ, ಹಾಜರಿ ಪಟ್ಟಿಯಲ್ಲಿ ಸುಮ್ನೆ ಒಂದು ಹೆಸರಿನ ಮೇಲೆ ಬೆರಳಿಟ್ಟು 'ಇವರದ್ದು ತನ್ನಿ' ಅನ್ನುವವರೂ ಇದ್ದಾರೆ. ನಾನೂ ಅಂದಿದ್ದೇನೆ.