ಅಪ್ಪಾಜಿಗೆ ಪದಬಂಧ ಆಡೋಕೆ ಹಳೇ ಗೇಮ್ ಕನ್ಸೋಲ್ ಆಗುತ್ತಾ? ಅನುಭವ ಇದ್ದೋರು ಹೇಳಿ

ಕೇಳಿದವರು: ದಾವಣಗೆರೆ, ವಿದ್ಯಾನಗರ

ನಮ್ಮ ಅಪ್ಪಾಜಿ ಹೈಸ್ಕೂಲಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಬೆಳಗ್ಗೆ ಪೇಪರ್ ಬಂದ್ರೆ ಮೊದಲು ಪದಬಂಧದ ಪುಟ. ಕನ್ನಡದ್ದು ಕಾಫಿ ಆರೋದ್ರೊಳಗೆ ಮುಗಿಸಿ ಇಂಗ್ಲಿಷಿನದಕ್ಕೆ ಕೂರ್ತಾರೆ. ಕಣ್ಣಿನ ಪೊರೆ ಆಪರೇಷನ್ ಆದಮೇಲೂ ಪೇಪರಿನ ಸಣ್ಣ ಮನೆಗಳು ಕಾಣಲ್ಲ ಅಂತ ಗೊಣಗಾಟ. ಫೋನಲ್ಲಿ ಹಾಕಿಕೊಟ್ಟೆ, ನಡುನಡುವೆ ಜಾಹೀರಾತು ಬಂದು ಸಿಟ್ಟಾಗಿ ಎತ್ತಿಟ್ಟುಬಿಟ್ರು. ಅಮೆರಿಕದಲ್ಲಿರೋ ನನ್ನ ತಮ್ಮ ದಸರಾಕ್ಕೆ ಬರ್ತಿದ್ದಾನೆ. "ಹಳೇ ನಿಂಟೆಂಡೊ ಡಿಎಸ್‌ನಲ್ಲಿ ಪದಬಂಧದ ಕಾರ್ಟ್ರಿಜ್ (ಆಟದ ಚಿಪ್ಪು) ಐತಕ್ಕ, ಕಡ್ಡಿ ಹಿಡ್ಕೊಂಡು ಬರೆದೇ ಆಡಬಹುದು, ತರ್ಲಾ?" ಅಂತ ಕೇಳ್ತಿದ್ದಾನೆ. ಮನೇಲಿ ದೊಡ್ಡವರಿಗೆ ಕೊಟ್ಟು ನೋಡಿದೋರು ಇದ್ದೀರಾ? ಯಾವ ಮಾಡೆಲ್ ತರಿಸಲಿ? ಕನ್ನಡ ಬರುತ್ತಾ?

ಚಿತ್ರದುರ್ಗ, ತುರುವನೂರು ರಸ್ತೆ

ನಮ್ಮ ಮಾವನೋರಿಗೆ ಕೊಟ್ಟಿದ್ವಿ ಮೇಡಂ. ಮಾಡೆಲ್ ವಿಷಯದಲ್ಲಿ ನಾನು ಒಂದ್ಸಲ ಮೋಸ ಹೋಗಿದ್ದೀನಿ, ಅದಕ್ಕೇ ಉದ್ದ ಬರೀತೀನಿ.

ಮೊದಲು ತರಿಸಿದ್ದು ಡಿಎಸ್ ಲೈಟ್. ಪರದೆ ಮೂರೇ ಇಂಚು ಚಿಲ್ಲರೆ. ಅದರ ಎತ್ತರಕ್ಕೆ ಇರೋದು 192 ಚುಕ್ಕೆ (ಪಿಕ್ಸೆಲ್). 15 ಸಾಲಿನ ಪದಬಂಧ ಪೂರ್ತಿ ಕೂರಿಸಿದ್ರೆ ಒಂದು ಮನೆಗೆ ಹನ್ನೆರಡು ಹದಿಮೂರು ಚುಕ್ಕೆ ಬರುತ್ತೆ ಅಷ್ಟೆ. ಮಾವ ಕನ್ನಡಕ ತೆಗೆದ್ರು, ಹಾಕಿದ್ರು, ಭೂತಗನ್ನಡಿ ತಂದ್ರು, ಆಮೇಲೆ ಪೆಟ್ಟಿಗೆಗೆ ಹಾಕಿದ್ರು.

ಆಮೇಲೆ 3ಡಿಎಸ್ ಎಕ್ಸ್‌ಎಲ್ ತಂದ್ವಿ. ದೊಡ್ಡದು, ಡಿಎಸ್ ಕಾರ್ಟ್ರಿಜ್ ಅದರಲ್ಲೂ ನಡೆಯುತ್ತೆ. ಆದ್ರೆ ಅದರ ಪರದೆಯ ಚುಕ್ಕೆ ಲೆಕ್ಕವೇ ಬೇರೆ, ಹಳೇ ಆಟವನ್ನ ಎಳೆದು ಹಿಗ್ಗಿಸಿ ತೋರಿಸುತ್ತೆ. ಹಂಗಾಗಿ ಅಕ್ಷರದ ಅಂಚು ಮಸುಕು. ಆಟ ತೆರೆಯುವಾಗ ಸ್ಟಾರ್ಟ್ ಅಥವಾ ಸೆಲೆಕ್ಟ್ ಬಟನ್ ಒತ್ತಿ ಹಿಡಿದ್ರೆ ಚೊಕ್ಕ ಕಾಣುತ್ತೆ, ಆದ್ರೆ ಚಿತ್ರ ಮತ್ತೆ ಸಣ್ಣದಾಗುತ್ತೆ. ಪೊರೆ ತೆಗೆಸಿದ ಕಣ್ಣಿಗೆ ಅದೂ ಬೇಡ ಇದೂ ಬೇಡ.

ಕೊನೆಗೆ ಸರಿ ಹೋಗಿದ್ದು ಡಿಎಸ್‌ಐ ಎಕ್ಸ್‌ಎಲ್. ಪರದೆ 4.2 ಇಂಚು, ಚುಕ್ಕೆ ಡಿಎಸ್ ಲೈಟಿನಷ್ಟೇ, ಆದರೆ ಒಂದೊಂದೂ ದಪ್ಪ. ಅಕ್ಷರ ಸ್ಲೇಟ್ ಮೇಲೆ ಬರೆದಂಗೆ ಕಾಣುತ್ತೆ. ಈಗ ಹೊಸದು ಎಲ್ಲೂ ಸಿಗಲ್ಲ, ಸೆಕೆಂಡ್ ಹ್ಯಾಂಡೇ ಗತಿ. ತಮ್ಮನಿಗೆ ಹೇಳಿ, ಕೆಳಗಿನ ಪರದೆಯ ನಾಲ್ಕೂ ಮೂಲೇಲಿ ಗೀಚಿ ನೋಡಿಯೇ ದುಡ್ಡು ಕೊಡಲಿ.

ದಾವಣಗೆರೆ, ನಿಟುವಳ್ಳಿ

ಒಂದೇ ಮಾತು. ಅಲ್ಲಿಂದ ಬರೋ ಚಾರ್ಜರನ್ನ ನಮ್ಮ ಗೋಡೆ ಪಾಯಿಂಟಿಗೆ ಚುಚ್ಚಬೇಡ್ರಿ. ಅದರ ಮೇಲೆ 120 ವೋಲ್ಟ್ ಅಂತ ಬರೆದಿರ್ತೈತಿ, ನಮ್ಮ ಮನೇಲಿ ಬರೋದು 230. ನಾನು ಓದದೇ ಹಾಕಿದೆ, ಪಟ್ ಅಂತು, ಸುಟ್ಟ ವಾಸನೆ ಅಡುಗೆಮನೆವರೆಗೂ ಹೋತು, "ಏನ್ ಸೀದೋಯ್ತು" ಅಂತ ಮನೆಯೋರು ಓಡಿ ಬಂದ್ರು. ಯುಎಸ್‌ಬಿ ಕೇಬಲ್ ಸಿಗ್ತಾವು, ಫೋನ್ ಚಾರ್ಜರಿಗೆ ಸಿಗಿಸಬಹುದು. ಡಿಎಸ್‌ಐಗೂ 3ಡಿಎಸ್‌ಗೂ ಪಿನ್ ಒಂದೇ, ಡಿಎಸ್ ಲೈಟಿಂದು ಬೇರೆ.

ದಾವಣಗೆರೆ, ಪಿ.ಜೆ. ಬಡಾವಣೆ

ಯಂತ್ರದ ವಿಷಯ ಆಯ್ತು, ಒಳಗಿನ ಪದಬಂಧದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನನ್ನ ಹತ್ತಿರ ಎರಡಿವೆ: ನಿಂಟೆಂಡೊದವರ 'ಕ್ರಾಸ್‌ವರ್ಡ್ಸ್ ಡಿಎಸ್' (2008), ಇನ್ನೊಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯದ್ದು (2007). ಆ ಪತ್ರಿಕೆಯಲ್ಲಿ ಸೋಮವಾರದ್ದು ಸುಲಭ, ದಿನ ಕಳೆದಂತೆ ಬಿಗಿಯಾಗುತ್ತಾ ಶನಿವಾರ ತಲೆ ಚಚ್ಚಿಕೊಳ್ಳಬೇಕು. ಭಾನುವಾರದ್ದು 21 ಸಾಲು, 21 ಕಂಬ. ಮೇಷ್ಟ್ರಿಗೆ ಸೋಮವಾರದ್ದರಿಂದಲೇ ಶುರು ಮಾಡಿಸಿ, ಶನಿವಾರದ್ದು ಮೊದಲು ಸಿಕ್ಕರೆ ಆ ಡಬ್ಬಿ ಕಪಾಟು ಸೇರುತ್ತೆ.

ತೊಡಕು ಇರೋದು ಬೇರೆ ಕಡೆ. ಅವು ಅಮೆರಿಕದವು. 'ಕಲರ್' ಬರೆಯುವಾಗ ಯು ಅಕ್ಷರ ಇರಲ್ಲ. ನಾನೂ ಕಾಲೇಜಲ್ಲಿ ಇಂಗ್ಲಿಷ್ ಹೇಳಿದವಳೇ, ಒಂದು ವಾರ ಜಗಳ ಆಡಿದೆ. ಬೇಸ್‌ಬಾಲ್ ಆಟಗಾರರ ಹೆಸರು ಕೇಳ್ತಾರೆ, ಮೆಲ್ ಆಟ್ ಅನ್ನೋನು ಯಾರು ಅಂತ ನಮಗೇನು ಗೊತ್ತು? ಆದರೆ ಅವರ ಚೌಕದಲ್ಲಿ ಪ್ರತಿ ಅಕ್ಷರವೂ ಅಡ್ಡಕ್ಕೊಂದು, ಉದ್ದಕ್ಕೊಂದು ಪದಕ್ಕೆ ಸೇರಿರುತ್ತೆ. ಅಡ್ಡ ಬರದಿದ್ದರೆ ಉದ್ದದ ಪದಗಳಿಂದಲೇ ಆ ಆಟಗಾರ ತಾನಾಗಿ ಮೂಡ್ತಾನೆ. ಮತ್ತೆ ಮತ್ತೆ ಬರೋ ಚುಟುಕು ಪದಗಳನ್ನ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೆ. ನಮ್ಮವೂ ಇವೆ! ಆಗ್ರಾ, ಸಾರಿ (ನಮ್ಮ ಸೀರೆ), ನಾನ್ (ರೊಟ್ಟಿ), ಘೀ. ರಾಣಿಯನ್ನ ಬ್ರಿಟಿಷರ ಕಾಲದ ಕಾಗುಣಿತದಲ್ಲಿ ಕೊನೆಗೆ ಎರಡು 'ಇ' ಹಾಕಿ ಬರೆಯಬೇಕು. ತುಪ್ಪ ಬಂತು, ಬೆಣ್ಣೆದೋಸೆ ಇನ್ನೂ ಬಂದಿಲ್ಲ.

ಬ್ರಿಟನ್ನಿನ ಕಾಗುಣಿತವೇ ಬೇಕು ಅಂದರೆ ಆ ಕಡೆ ಮಾರಿದ ಡಿಎಸ್ ಕಾರ್ಟ್ರಿಜ್ ಹುಡುಕಿಸಿ. ಡಿಎಸ್‌ನ ಸಾಮಾನ್ಯ ಕಾರ್ಟ್ರಿಜ್ ಯಾವ ದೇಶದ್ದಾದರೂ ನಡೆಯುತ್ತೆ. 3ಡಿಎಸ್‌ನ ಸ್ವಂತ ಆಟಗಳಿಗೆ ಮಾತ್ರ ಆ ಸ್ವಾತಂತ್ರ್ಯ ಇಲ್ಲ.

ಇನ್ನೊಂದು, ಕೂಡಿಸಿ ಬರೆದ ಅಕ್ಷರ ಅದು ಒಪ್ಪಲ್ಲ. ಒಂದೊಂದೇ ದೊಡ್ಡಕ್ಷರ, ಒಂದನೇ ಕ್ಲಾಸಿನ ಹುಡುಗರ ಹಾಗೆ.

ಹೊಸದುರ್ಗ

ಕನ್ನಡ ಬರಲ್ಲ, ಆಸೆ ಬಿಡಿ. ಇಂಗ್ಲಿಷಲ್ಲಿ ಮನೆಗೊಂದು ಅಕ್ಷರ, ಇರೋದು ಇಪ್ಪತ್ತಾರೇ. ನಮ್ಮ ಪದಬಂಧದಲ್ಲಿ ಗುಣಿತ, ಒತ್ತು ಎಲ್ಲ ಸೇರಿ ಒಂದು ಮನೆ. 'ಸ್ತ್ರೀ' ಒಂದೇ ಮನೆಯಲ್ಲಿ ಕೂತರೂ ಕಂಪ್ಯೂಟರ್ ಒಳಗೆ ಅದು ಆರು ತುಂಡು: ಸ, ಹಲಂತ, ತ, ಹಲಂತ, ರ, ದೀರ್ಘ ಈ. 'ಒನಕೆ ಹಿಡಿದು ಕೋಟೆ ಕಾಯ್ದವಳು' ಅಂತ ಸುಳಿವು ಕೊಟ್ಟರೆ ನಮಗೆ ಓಬವ್ವ, ಮೂರು ಮನೆ. ಆ ಡಬ್ಬಿಗೆ 'ವ್ವ' ಬರೆದು ತೋರಿಸಿ, ಡಬ್ಲ್ಯೂ ಅಂದ್ಕೊಂಡರೂ ಆಶ್ಚರ್ಯ ಇಲ್ಲ.

ದಾವಣಗೆರೆ, ಹದಡಿ ರಸ್ತೆ

ಇಷ್ಟೆಲ್ಲ ಯಾಕ್ರಿ? ಪೇಪರಿನ ಪದಬಂಧನ ಜೆರಾಕ್ಸ್ ಅಂಗಡೀಲಿ ಕೊಟ್ಟು ಎ3 ಹಾಳೆಗೆ ದೊಡ್ಡದು ಮಾಡಿಸ್ರಿ. ಎ4ರಿಂದ ಎ3ಗೆ 141 ಪರ್ಸೆಂಟ್. ಸಾಲದಿದ್ರೆ 200 ಹಾಕು ಅನ್ರಿ. ನಮ್ಮ ಅವ್ವಗ ವಾರದ ಏಳೂ ಒಟ್ಟಿಗೆ ಮಾಡಿಸಿ ಕೊಡ್ತೀನಿ. ಚಾರ್ಜ್ ಬ್ಯಾಡ, ಕಾರ್ಟ್ರಿಜ್ ಬ್ಯಾಡ, ಮೇಲೆ ಮಂಡಕ್ಕಿ ಇಟ್ಕೊಂಡು ತಿನ್ನಬಹುದು.

ಚಿತ್ರದುರ್ಗ, ತುರುವನೂರು ರಸ್ತೆ

ಹದಡಿ ರಸ್ತೆಯವರ ಮಾತಿಗೆ ಎದುರಾಡೋಕೆ ಏನೂ ಇಲ್ಲ. ಕರೆಂಟ್ ಹೋದಾಗ ಮಾತ್ರ ನಮ್ಮ ಡಬ್ಬಿ ಗೆಲ್ಲುತ್ತೆ, ಪರದೆಗೇ ಬೆಳಕಿದೆ. ಮಹಡಿ ಮೇಲೆ ಬಿಸಿಲಲ್ಲಿ ಸೋಲುತ್ತೆ, ಏನೂ ಕಾಣಲ್ಲ.

ಕೇಳಿದವರು: ದಾವಣಗೆರೆ, ವಿದ್ಯಾನಗರ

ಎಲ್ಲರಿಗೂ ಧನ್ಯವಾದ. ಹಬ್ಬ ಮುಗಿದ ಮೇಲೆ ಬರೀತಿದ್ದೀನಿ. ತಮ್ಮ ಡಿಎಸ್‌ಐ ಎಕ್ಸ್‌ಎಲ್ ತಂದ, ಕೇಬಲ್ ಯುಎಸ್‌ಬಿದು. ಕನ್ನಡದ್ದು ಜೆರಾಕ್ಸ್ ಅಂಗಡಿ ಪಾಲು. ಕಾರ್ಟ್ರಿಜ್ ಹಳೇದಲ್ವಾ, ಯಾರೋ ಅರ್ಧ ತುಂಬಿ ಬಿಟ್ಟ ಪದಬಂಧಗಳು ಹಾಗೇ ಇದ್ದವು. ಅಳಿಸಿ ಕೊಡ್ತೀನಿ ಅಂದ್ರೆ ಅಪ್ಪಾಜಿ ಬಿಡ್ಲಿಲ್ಲ. ಮೊದಲ ಎರಡು ದಿನ ಆ ಪುಣ್ಯಾತ್ಮ ಎಲ್ಲೆಲ್ಲಿ ತಪ್ಪಿದ್ದಾನೆ ಅಂತ ತಿದ್ದುತ್ತಾ ಕೂತಿದ್ರು. ಕಡ್ಡಿ ಆಗಲೇ ಕಳೆದುಹೋಗಿದೆ, ಪೆನ್ನಿನ ಮುಚ್ಚಳದಲ್ಲಿ ಬರೀತಿದ್ದಾರೆ, ಏನೂ ತೊಂದರೆ ಆಗಿಲ್ಲ. 'ಕಲರ್' ವಿಷಯಕ್ಕೆ ತಮ್ಮನ ಜೊತೆ ಫೋನಲ್ಲಿ ಇನ್ನೂ ಜಗಳ ನಡೀತಿದೆ.