ರೋಮ್‌ನಲ್ಲಿ ರಾತ್ರಿ ಹತ್ತರ ಮೇಲೆ ಒಬ್ಬಳೇ ಸುತ್ತಾಡಬಹುದಾ?

ಪ್ರಶ್ನೆ:
ಮೇ ತಿಂಗಳಲ್ಲಿ ಮೂರು ರಾತ್ರಿ ರೋಮ್‌ನಲ್ಲಿ ಇರುತ್ತೇವೆ. ಜೊತೆಗೆ ನಮ್ಮ ಯಜಮಾನರು, ಅತ್ತೆ. ಇಬ್ಬರೂ ಒಂಬತ್ತಕ್ಕೆಲ್ಲ ಮಲಗುವವರು. ನನಗೆ ಒಂದು ಗಂಟೆಯ ತನಕ ನಿದ್ದೆ ಹತ್ತುವುದಿಲ್ಲ. ರೂಮಿನಲ್ಲಿ ಕೂತು ಮೊಬೈಲ್ ಉಜ್ಜುವ ಬದಲು ಹಳೇ ಊರಿನ ಬೀದಿ ಸುತ್ತೋಣ ಅಂತ ಆಸೆ. ಮ್ಯೂಸಿಯಂ, ಚರ್ಚು ಎಲ್ಲ ಹಗಲಲ್ಲಿ ಆಗುತ್ತದೆ. ರಾತ್ರಿ ಸುಮ್ನೆ ನಡೆಯಬೇಕು. ಉಳಿಯುವುದು ಟೆರ್ಮಿನಿ ರೈಲು ನಿಲ್ದಾಣದ ಹತ್ತಿರ. ಎಲ್ಲಿಂದ ಶುರು ಮಾಡಲಿ? "ಹುಷಾರು" ಅಂತಷ್ಟೇ ಬರೆಯಬೇಡಿ, ಅದನ್ನು ಅತ್ತೆ ಆಗಲೇ ಹೇಳಿದ್ದಾರೆ.

ಉತ್ತರ 1:
ಮೆಟ್ರೋ ನಂಬಿಕೊಂಡು ಹೋಗಬೇಡಿ. ಮಾಮೂಲಿ ದಿನ ರಾತ್ರಿ 11.30ಕ್ಕೆ ಮುಗಿಯುತ್ತದೆ, ಶುಕ್ರವಾರ ಶನಿವಾರ ಮಾತ್ರ 1.30ರ ತನಕ. ಆಮೇಲೆ "ಎನ್" ಅಕ್ಷರದಿಂದ ನಂಬರು ಶುರುವಾಗುವ ರಾತ್ರಿ ಬಸ್ಸುಗಳು. ಜೇಬುಗಳ್ಳರ ಕಾಟ ಇದೆ, ಬ್ಯಾಗು ಎದುರಿಗೆ ಹಾಕಿಕೊಳ್ಳಿ.

ಉತ್ತರ 2:
ಹೋಗಿ ಬನ್ನಿ. ಕೆಲಸದ ಮೇಲೆ ಐದು ವಾರ ಅಲ್ಲಿದ್ದಾಗ ನಾನೂ ಒಬ್ಬಳೇ ಸುತ್ತಿದ್ದೇನೆ. ನನ್ನದು ಒಂದೇ ಮಾತು. ಹತ್ತು ಜಾಗ ನೋಡಲು ಹೋಗಬೇಡಿ. ಎರಡೇ ಜಾಗ ಆರಿಸಿಕೊಂಡು ಒಂದೊಂದನ್ನೂ ಎರಡು ಸಲ ನೋಡಿ, ರಾತ್ರಿ ಹತ್ತಕ್ಕೆ ಒಂದು ಸಲ, ಒಂದಕ್ಕೆ ಇನ್ನೊಂದು ಸಲ.

ನಾನಾಗಿದ್ದರೆ ಪಿಯಾಝಾ ನವೋನಾ ಅನ್ನುವ ಚೌಕದಿಂದ ಶುರು ಮಾಡುತ್ತೇನೆ. ಉದ್ದಕ್ಕೆ ಓಟದ ಮೈದಾನದ ಥರ ಇದೆ. ಇದ್ದದ್ದೂ ಅದೇ. ಮೊದಲನೇ ಶತಮಾನದಲ್ಲಿ ಡೊಮಿಷಿಯನ್ ಚಕ್ರವರ್ತಿ ಕಟ್ಟಿಸಿದ ಕ್ರೀಡಾಂಗಣ, ಜನ ಕೂರುತ್ತಿದ್ದ ಕಡೆ ಈಗ ಮನೆಗಳು. ಹತ್ತು ಗಂಟೆಗೆ ಗಿಟಾರ್ ಬಾರಿಸುವವರು, ಚಿತ್ರ ಬರೆದುಕೊಡುವವರು, ಮಿಣಮಿಣ ಆಟಿಕೆ ಮೇಲಕ್ಕೆ ಹಾರಿಸುವವರು, ಕಾಲಿಡಲು ಜಾಗ ಇರುವುದಿಲ್ಲ. ನಡುವೆ ಶಿಲ್ಪಿ ಬರ್ನಿನಿಯ ಕಾರಂಜಿ, 1651ರದ್ದು. ನಾಲ್ಕು ನದಿಗೆ ನಾಲ್ಕು ಗಂಡಸರು, ಅದರಲ್ಲಿ ಒಬ್ಬ ನಮ್ಮ ಗಂಗೆ! ಕೈಯಲ್ಲಿ ದೋಣಿಯ ಹುಟ್ಟು, ಮುಖದಲ್ಲಿ ಗಡ್ಡ. ಗಂಗಮ್ಮನಿಗೆ ಗಡ್ಡ ಬಂದದ್ದು ನೋಡಿ ಒಬ್ಬಳೇ ನಿಂತು ನಕ್ಕಿದ್ದೆ. ಒಂದು ಗಂಟೆಗೆ ಮತ್ತೆ ಹೋದರೆ ಆಟಿಕೆಯವರು ಇರಲಿಲ್ಲ. ಹತ್ತು ಗಂಟೆಗೆ ಕೇಳಿಸದಿದ್ದ ನೀರಿನ ಸದ್ದು ಈಗ ಓಣಿಯ ಬಾಯಿಂದಲೇ ಕೇಳಿತು.

ಅಲ್ಲಿಂದ ಐದು ನಿಮಿಷಕ್ಕೆ ಕಾಂಪೊ ದೆ ಫಿಯೋರಿ. ಬೆಳಿಗ್ಗೆ ತರಕಾರಿ ಸಂತೆ, ರಾತ್ರಿ ಬಾರುಗಳ ಗದ್ದಲ. ಮಧ್ಯೆ ಮುಸುಕು ಹಾಕಿಕೊಂಡು ನಿಂತ ಜೋರ್ಡಾನೋ ಬ್ರೂನೋ, ಚರ್ಚಿನ ನಂಬಿಕೆಗೆ ವಿರುದ್ಧ ಮಾತಾಡಿದ ತತ್ವಜ್ಞಾನಿ. 1600ರ ಫೆಬ್ರವರಿಯಲ್ಲಿ ಅವನನ್ನು ಜೀವಂತ ಸುಟ್ಟದ್ದು ಅಲ್ಲೇ, ಪ್ರತಿಮೆ ನಿಲ್ಲಿಸಿದ್ದು 1889ರಲ್ಲಿ. ಅವನ ಕಾಲಬುಡದಲ್ಲಿ ಹುಡುಗ ಹುಡುಗಿಯರು ಗ್ಲಾಸು ಹಿಡಿದು ಹರಟುತ್ತಿರುತ್ತಾರೆ. ಮೊದಲ ದಿನ ನನಗೆ ಸಿಟ್ಟು ಬಂತು. ಮೂರನೇ ದಿನ ನಾನೂ ಅಲ್ಲೇ ಕೂತಿದ್ದೆ.

ಇನ್ನೂ ಕಾಲು ಓಡಿದರೆ ಪೊಂಟೆ ಸಿಸ್ಟೊ ಸೇತುವೆ ದಾಟಿ. ಆಚೆ ತ್ರಾಸ್ತೆವೆರೆ. ಹೆಸರಿನ ಅರ್ಥವೇ ಟೈಬರ್ ನದಿಯ ಆಚೆ, ನಮ್ಮ ಮಾತಿನಲ್ಲಿ ಹೊಳೆಯಾಚೆ. ಅಲ್ಲಿ ಒಂದು ರಾತ್ರಿ ಫೋನಿನ ಚಾರ್ಜು ಮುಗಿದು ನಲವತ್ತು ನಿಮಿಷ ದಾರಿ ತಪ್ಪಿದ್ದೆ. ಒಣಹಾಕಿದ ಅದೇ ಕೆಂಪು ಚೌಕಳಿ ಬೆಡ್‌ಶೀಟು ಮೂರು ಸಲ ಎದುರಾಯಿತು. ಕೊನೆಗೆ ಟ್ರಾಮ್ ಹಳಿ ಕಾಣಿಸಿತು, ಅದನ್ನೇ ಹಿಡಿದು ಹೊಳೆ ಮುಟ್ಟಿದೆ. ಹೆದರಿಕೆ ಆಗಲಿಲ್ಲ, ಎಲ್ಲ ಓಣಿಯಲ್ಲೂ ಜನ. ಹಿಮ್ಮಡಿ ಮಾತ್ರ ಸುಲಿದಿತ್ತು. ನೆಲಕ್ಕೆ ಹಾಸಿರುವುದು ಸಂಪಿಯೆತ್ರಿನಿ ಅನ್ನುವ ಕಪ್ಪು ಚೌಕಗಲ್ಲು, ತೆಳು ಚಪ್ಪಲಿ ಬೇಡವೇ ಬೇಡ.

ನಾನು ಒಬ್ಬಳೇ ನಡೆಯದಿದ್ದದ್ದು ಟೆರ್ಮಿನಿ ಸುತ್ತಮುತ್ತ. ಅಲ್ಲಿಗೆ ಸ್ಟ್ಯಾಂಡಿನಿಂದ ಬಿಳಿ ಟ್ಯಾಕ್ಸಿ ಹತ್ತಿ ಬಾಗಿಲ ಮುಂದೆಯೇ ಇಳಿಯಿರಿ.

ಉತ್ತರ 3:
ಟ್ರೆವಿ ಕಾರಂಜಿ ಬಿಟ್ಟೇಬಿಟ್ಟಿರಲ್ಲ! ಕುಡಿಯುವ ನೀರಿಗೂ ದುಡ್ಡು ಕೊಡಬೇಡಿ. ಬೀದಿ ಬೀದಿಯಲ್ಲಿ "ನಸೋನೆ" ಅನ್ನುವ ಎರಕದ ನಲ್ಲಿಗಳಿವೆ, ದೊಡ್ಡ ಮೂಗು ಅಂತ ಅರ್ಥ. ಕೆಳಗಿನ ಬಾಯಿಗೆ ಬೆರಳು ಒತ್ತಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ. ಮೊದಲ ಸಲ ನನ್ನ ಕನ್ನಡಕಕ್ಕೇ ಚಿಮ್ಮಿತು.

ಉತ್ತರ 2:
ಬೇಕಂತಲೇ ಬಿಟ್ಟೆ. ಹತ್ತು ಗಂಟೆಗೆ ಅಲ್ಲಿ ಬರೀ ಸೆಲ್ಫಿ ಕೋಲು. ಹೋಗುವುದಾದರೆ ಒಂದರ ಮೇಲೆ ಹೋಗಿ. ಟ್ರೆವಿ ಮುಗಿದದ್ದು 1762ರಲ್ಲಿ, ಆದರೆ ಅದರ ನೀರಿನ ಕಾಲುವೆ ಕ್ರಿಸ್ತಪೂರ್ವ 19ರಷ್ಟು ಹಳೆಯದು, ರೋಮನ್ ಸೇನಾಪತಿ ಅಗ್ರಿಪ್ಪ ಕಟ್ಟಿಸಿದ್ದು. ನವೋನಾಕ್ಕೂ ಬರುವುದು ಅದೇ ನೀರು. ಇನ್ನೊಂದು, ಸ್ಪ್ಯಾನಿಷ್ ಮೆಟ್ಟಿಲ ಮೇಲೆ ಕೂರಬೇಡಿ. 2019ರಿಂದ ದಂಡ ಹಾಕುತ್ತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಅತ್ತೆಗೆ ಇದನ್ನು ಓದಿ ಹೇಳಿದೆ. ಗಡ್ಡದ ಗಂಗೆ ನೋಡಲೇಬೇಕಂತೆ, ಮಧ್ಯಾಹ್ನ ಮಲಗಿಕೊಂಡು ರಾತ್ರಿ ತಾನೂ ಬರುತ್ತಾರಂತೆ! ಅವರಿಗೆ ಮಂಡಿ ನೋವು. ಆ ಕಲ್ಲಿನ ಮೇಲೆ ಎಷ್ಟು ನಡೆಸಬಹುದು?

ಉತ್ತರ 2:
ನವೋನಾ ತನಕ ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗಿ. ಅಲ್ಲಿ ಕಲ್ಲಿನ ಬೆಂಚುಗಳಿವೆ. ಗಂಗೆ ಕಾಣುವ ಬದಿಗೆ ಕೂರಿಸಿ, ನೀವು ಬೇಕಾದರೆ ಕಾಂಪೊಗೆ ಹೋಗಿ ಬನ್ನಿ.