ಥರ್ಮಾಕೋಲ್ ಡಬ್ಬಿಯಲ್ಲಿ ಕ್ಯಾಮೆರಾ ಇಟ್ಟು ಆಕಾಶಕ್ಕೆ ಕಳಿಸಬಹುದಾ?

ಕುಷ್ಟಗಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. 2009ರಲ್ಲಿ ಅಮೆರಿಕದ ಎಂಐಟಿ ವಿದ್ಯಾರ್ಥಿಗಳು ಬಲೂನಿಗೆ ಥರ್ಮಾಕೋಲ್ ಡಬ್ಬಿ ಕಟ್ಟಿ, ಒಳಗೆ ಸಣ್ಣ ಕ್ಯಾಮೆರಾ ಇಟ್ಟು, ಸುಮಾರು 28 ಕಿಲೋಮೀಟರ್ ಎತ್ತರದಿಂದ ಭೂಮಿಯ ಫೋಟೊ ತೆಗೆದರು. ಖರ್ಚು ಸುಮಾರು 150 ಡಾಲರ್. ಇದನ್ನು ಹೇಳಿದ ದಿನದಿಂದ ಒಂಬತ್ತನೇ ತರಗತಿಯ ಮಕ್ಕಳು ಬೆನ್ನು ಬಿಟ್ಟಿಲ್ಲ. ನನ್ನ ಹತ್ತಿರ ಹಳೇ ಕ್ಯಾನನ್ ಕ್ಯಾಮೆರಾ ಇದೆ. ಐದು ಸಾವಿರದೊಳಗೆ ನಮಗೂ ಆಗುತ್ತದಾ?

ಗಂಗಾವತಿ ಗಾಳಿಪಟ:
ಸರ್, ಮಕ್ಕಳ ಆಸೆ ಖಂಡಿತ ಉಳಿಸಿ. ಆದರೆ ಬಲೂನಿನಿಂದ ಶುರು ಮಾಡಬೇಡಿ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿದು ಬಲೂನು ಉಬ್ಬುತ್ತಾ ಹೋಗಿ ಒಡೆಯುತ್ತದೆ. ಡಬ್ಬಿ ಯಾರ ಹೊಲದಲ್ಲಿ ಇಳಿಯುತ್ತದೋ ಹೇಳೋಕಾಗಲ್ಲ. ವಿಮಾನಗಳ ದಾರಿ ದಾಟಿ ಹೋಗುವುದರಿಂದ ಅನುಮತಿ ಬೇಕೇ ಬೇಕು. ಹೀಲಿಯಂ ಖರ್ಚು ಬೇರೆ.

ಗಾಳಿಪಟ ಹಾರಿಸಿ. 1888ರಲ್ಲೇ ಫ್ರಾನ್ಸಿನ ಆರ್ಥರ್ ಬಟು ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿ ತನ್ನೂರಿನ ಫೋಟೊ ತೆಗೆದಿದ್ದರು. ನಾನು ಕಾರಹುಣ್ಣಿಮೆ ಮುಗಿದು ಆಷಾಢದ ಗಾಳಿ ಬಿಟ್ಟಾಗ ಹಾರಿಸುತ್ತೇನೆ. ಆರಡಿ ಅಗಲದ ಪಟ, ಬಿದಿರು ಕಡ್ಡಿ, ಹಳೇ ಕೊಡೆಯ ಬಟ್ಟೆ.

ಮೊದಲ ವರ್ಷ ಮೊಬೈಲನ್ನು ನೇರ ಪಟಕ್ಕೇ ಕಟ್ಟಿದ್ದೆ. ಪಟ ಕುಣಿದಂತೆ ಅದೂ ಕುಣಿಯಿತು, ಎಲ್ಲಾ ಫೋಟೊ ಮಸುಕು. ಎರಡನೇ ದಿನ ಗಂಟು ಬಿಚ್ಚಿ, ನಾಟಿಗೆ ಹದ ಮಾಡಿದ್ದ ಗದ್ದೆಗೆ ಮೊಬೈಲ್ ಬಿತ್ತು. ಸಂಜೆತನಕ ಕೆಸರು ತಡಕಾಡಿದೆ. ಮೊಬೈಲ್ ಸತ್ತಿತ್ತು, ಮೆಮೊರಿ ಕಾರ್ಡ್ ಉಳಿದಿತ್ತು. ಅದರಲ್ಲಿ ಒಂದೇ ಒಂದು ಫೋಟೊ ಚೆನ್ನಾಗಿತ್ತು: ಎಡದಂಡೆ ಕಾಲುವೆ, ಬದುಗಳು, ನಮ್ಮ ಮನೆಯ ತಗಡು. ಹುಟ್ಟಿದಾಗಿನಿಂದ ನೋಡಿದ ಊರು, ಅವತ್ತೇ ಮೊದಲು ನೋಡಿದಂತೆ ಆಯಿತು ಸರ್. ಅಮ್ಮ ಅದನ್ನು ಪ್ರಿಂಟ್ ಹಾಕಿಸಿ ಗೋಡೆಗೆ ಹಚ್ಚಿದ್ದಾರೆ.

ಈಗ ಪಟ ಮೊದಲು ಮೇಲೇರಿ ನಿಲ್ಲಲಿ ಅಂತ ಬಿಡುತ್ತೇನೆ. ಆಮೇಲೆ ಅದಕ್ಕಿಂತ ಅರವತ್ತು ಅಡಿ ಕೆಳಗೆ ದಾರಕ್ಕೆ ಕ್ಯಾಮೆರಾ ಕಟ್ಟುತ್ತೇನೆ. ಎರಡು ಕಡ್ಡಿ ಅಡ್ಡಡ್ಡ ಕಟ್ಟಿ, ನಡುವೆ ಕ್ಯಾಮೆರಾ ಬಿಗಿದು, ನಾಲ್ಕೂ ತುದಿಗೆ ಬಳೆ ಹಾಕಿ, ಅವುಗಳಲ್ಲಿ ಒಂದೇ ದಾರ ಓಡಿಸಿ ಪಟದ ದಾರಕ್ಕೆ ಎರಡು ಕಡೆ ತೂಗುಹಾಕಿ. ಪಟ ಎತ್ತ ವಾಲಿದರೂ ಕ್ಯಾಮೆರಾ ಮಟ್ಟವಾಗಿರುತ್ತದೆ. ಇದಕ್ಕೆ ಪಿಕಾವೆ ಅಂತಾರೆ. ಮಾಂಜಾ ಮಾತ್ರ ಬೇಡ, ಹಕ್ಕಿಗಳ, ಬೈಕಿನವರ ಕುತ್ತಿಗೆ ಕುಯ್ಯುತ್ತದೆ. ಕರೆಂಟು ತಂತಿ ಇಲ್ಲದ ಬಯಲು ನೋಡಿ.

ರಾಯಚೂರು ರಿಪೇರಿ:
ಮೇಷ್ಟ್ರೇ, ಆ ಕ್ಯಾಮೆರಾದ ಮಾಡೆಲ್ ನೋಡಿ. ಹಳೇ ಕ್ಯಾನನ್‌ಗಳಲ್ಲಿ ಹಲವಕ್ಕೆ ಸಿಎಚ್‌ಡಿಕೆ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಮೆಮೊರಿ ಕಾರ್ಡಿಗೆ ಹಾಕಿ, ಅದರಲ್ಲಿ ಸಮಯ ಹೊಂದಿಸಿದರೆ ಐದು ಸೆಕೆಂಡಿಗೊಂದು ಫೋಟೊ ತಾನೇ ತೆಗೆಯುತ್ತದೆ. ಫೋಟೊ ಮಸುಕಾಗದಂತೆ ಶಟರ್ ಸಾವಿರದಲ್ಲೊಂದು ಸೆಕೆಂಡಿಗೆ ಇಡಿ. ನಮ್ಮ ಬಿಸಿಲಿಗೆ ಬೆಳಕಿನ ಚಿಂತೆಯೇ ಇಲ್ಲ.

ಕುಷ್ಟಗಿ ಮೇಷ್ಟ್ರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನನ್ನ ಮಾಡೆಲ್ ಆ ಸಾಫ್ಟ್‌ವೇರ್ ಪಟ್ಟಿಯಲ್ಲಿದೆ! ಮೊದಲು ಕ್ಯಾಮೆರಾದಷ್ಟೇ ತೂಕದ ಮರಳಿನ ಚೀಲ ಕಟ್ಟಿ ಹಾರಿಸುತ್ತೇವೆ. ಗಂಗಾವತಿಯವರೇ, ದಾರ ಎಳೆದಾಗ ಮಕ್ಕಳ ಕೈ ಕುಯ್ಯುತ್ತದಲ್ವಾ, ನೀವು ಏನು ಹಾಕಿಕೊಳ್ಳುತ್ತೀರಿ?

ಗಂಗಾವತಿ ಗಾಳಿಪಟ:
ವೆಲ್ಡಿಂಗ್‌ನವರ ತೊಗಲಿನ ಗ್ಲೌಸ್ ಸರ್. ದಾರ ಹಿಡಿಯುವುದು ಮಾತ್ರ ನೀವೇ.